ಸರಕಾರದ ಟೆಂಡರೂ ನಮ್ಮ ಕಿರು ಉದ್ಯಮಿಗಳೂ

ಪ್ರತಿ ವರ್ಷ ಮೇ 1ರಂದು ಧರ್ಮಸಭೆಯು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸರು ಈ ಹಬ್ಬವನ್ನು ಸ್ಥಾಪಿಸಿದರು. ನಜರೇತಿನ ಆ ಬಡಗಿಯು ಸ್ವಂತ ಕಸುಬಿನಿಂದ ಸಂಸಾರವನ್ನು ಸಾಕಿದವರು. ಅವರಂತೆಯೇ ಬಾಳುವ ಬಡಗಿಗಳು, ದರ್ಜಿಗಳು, ಬೇಕರಿಯವರು, ಮುದ್ರಣಾಲಯದವರು, ವೆಲ್ಡಿಂಗ್ ಕೆಲಸದವರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಊರಿನ ಗಿರಾಕಿಗಳನ್ನಷ್ಟೇ ನಂಬಿ ಕುಳಿತ ಇವರಿಗೆ, ದೇಶದ ಅತಿ ದೊಡ್ಡ ಗಿರಾಕಿಯು ಸರಕಾರವೆಂಬುದು ಹೊಳೆಯುವುದೇ ಇಲ್ಲ.

"ಟೆಂಡರು ದೊಡ್ಡವರಿಗೆ, ಇಲ್ಲವೇ ಕೈ ಬಿಸಿ ಮಾಡುವವರಿಗೆ" ಎಂಬ ಮಾತನ್ನು ನಾವು ಎಲ್ಲೆಡೆ ಕೇಳುತ್ತೇವೆ. ಈ ಮಾತು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ಕಾನೂನು ಸಣ್ಣವರಿಗೆಂದೇ ತೆರೆದಿಟ್ಟಿರುವ ಬಾಗಿಲನ್ನು ಒಮ್ಮೆಯೂ ತಟ್ಟದೆ ದೂರುವುದು ಸರಿಯಲ್ಲ.

2012ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಸಾರ್ವಜನಿಕ ಖರೀದಿ ನೀತಿಯ ಆದೇಶವು ಕಿರು ಮತ್ತು ಸಣ್ಣ ಉದ್ಯಮಗಳಿಗೆ ಪಾಲು ನಿಗದಿಪಡಿಸಿತು. ಆರಂಭದಲ್ಲಿ ಶೇ. 20 ಇದ್ದ ಈ ಪಾಲು, 2018ರ ತಿದ್ದುಪಡಿಯ ಬಳಿಕ ಶೇ. 25ಕ್ಕೆ ಏರಿತು. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಇಷ್ಟನ್ನು ಸಣ್ಣವರಿಂದ ಕೊಳ್ಳಬೇಕು. ಅದರೊಳಗೆ ಶೇ. 3 ಮಹಿಳಾ ಉದ್ಯಮಿಗಳಿಗೆ, ಶೇ. 4 ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳಿಗೆ. ಚೀಲ, ಛತ್ರಿ, ಉಪ್ಪಿನಕಾಯಿ ಮೊದಲಾದ 358 ವಸ್ತುಗಳನ್ನು ಸಣ್ಣವರಿಂದಲೇ ಕೊಳ್ಳಬೇಕೆಂಬ ನಿಯಮವೂ ಉಂಟು. ಇವರಿಗೆ ಟೆಂಡರು ಪತ್ರಗಳು ಉಚಿತ. ಮುಂಗಡ ಠೇವಣಿಯಿಂದಲೂ ವಿನಾಯಿತಿ ಇದೆ. ಆದರೆ ಈ ಸವಲತ್ತು ತಾವೇ ತಯಾರಿಸುವವರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಕೊಂಡು ಮಾರುವ ವ್ಯಾಪಾರಿಗಳಿಗೆ ಅನ್ವಯಿಸದು.

ದಾರಿಯು ಕಠಿಣವೇನಲ್ಲ. ಮೊದಲು ಆಧಾರ್ ಸಂಖ್ಯೆಯ ನೆರವಿನಿಂದ 'ಉದ್ಯಮ್' ನೋಂದಣಿ ಮಾಡಿಸಬೇಕು. 2020ರ ಜುಲೈಯಿಂದ ಜಾರಿಯಲ್ಲಿರುವ ಇದಕ್ಕೆ ಸರಕಾರವು ಕಾಸು ಕೇಳುವುದಿಲ್ಲ. ಶುಲ್ಕವೆಂದು ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಬಳಿಕ 2016ರಲ್ಲಿ ಆರಂಭವಾದ ಕೇಂದ್ರದ 'ಜೆಮ್' ಮಾರುಕಟ್ಟೆಯಲ್ಲಿ ಮಾರಾಟಗಾರರಾಗಿ ಹೆಸರು ದಾಖಲಿಸಬೇಕು. ರಾಜ್ಯದ ಟೆಂಡರುಗಳು ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತವೆ. ಅಲ್ಲಿ ಭಾಗವಹಿಸಲು ಡಿಜಿಟಲ್ ಸಹಿ ಬೇಕು. ಮೊದಲ ಪ್ರಯತ್ನದಲ್ಲೇ ದೊಡ್ಡ ಟೆಂಡರಿಗೆ ಕೈ ಹಾಕದೆ, ತಮ್ಮ ಬಂಡವಾಳಕ್ಕೆ ತಕ್ಕ ಚಿಕ್ಕ ಪೂರೈಕೆಯಿಂದ ತೊಡಗುವುದು ಜಾಣತನ.

ಬಿಲ್ಲು ಸಕಾಲಕ್ಕೆ ಬಾರದೆಂಬ ಭಯಕ್ಕೆ ಕಾರಣವಿದೆ. ಆದರೂ ಕಾನೂನು ಬರಿಗೈಯಲ್ಲಿ ಬಿಟ್ಟಿಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಧಿನಿಯಮದಂತೆ, ಕಿರು ಹಾಗೂ ಸಣ್ಣ ಉದ್ಯಮಗಳ ಸರಕನ್ನು ಒಪ್ಪಿಕೊಂಡ 45 ದಿನಗಳೊಳಗೆ ಹಣ ಸಲ್ಲಿಸಲೇಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2017ರಿಂದ 'ಸಮಾಧಾನ್' ಜಾಲತಾಣದಲ್ಲಿ ದೂರು ಸಲ್ಲಿಸಲೂ ಅವಕಾಶವಿದೆ. ಸರಕು ಪೂರೈಸುವ ಮೊದಲೇ ನೋಂದಣಿಯಾಗಿರಬೇಕು; ಒಪ್ಪಿಗೆ ಪತ್ರ, ರಸೀದಿಗಳನ್ನು ಜೋಪಾನವಾಗಿಡಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದೆ ಇರಲಾರೆವು. ಕೆಲಸ ಸಿಗಬೇಕೆಂದು ದರವನ್ನು ಪಾತಾಳಕ್ಕಿಳಿಸಿ, ಆ ನಷ್ಟವನ್ನು ಕೂಲಿಯಾಳಿನ ಸಂಬಳದಿಂದ ತುಂಬಿಸುವುದು ಅನ್ಯಾಯ. ನ್ಯಾಯವಾದ ಕೂಲಿಯು ದಾನವಲ್ಲ, ದುಡಿದವನ ಹಕ್ಕು ಎಂಬುದನ್ನು ಜಗದ್ಗುರು ಹದಿಮೂರನೇ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ಹೆಂಡತಿಯ ಹೆಸರನ್ನು ಕಾಗದದಲ್ಲಿಟ್ಟು ಮಹಿಳೆಯರ ಪಾಲನ್ನು ಪಡೆಯುವುದೂ, ತನ್ನ ಪ್ರಮಾಣಪತ್ರವನ್ನು ದೊಡ್ಡ ಕುಳಗಳಿಗೆ ಬಾಡಿಗೆ ಕೊಡುವುದೂ ನಿಜವಾಗಿ ದುಡಿಯುವ ಮತ್ತೊಬ್ಬರ ಅನ್ನವನ್ನು ಕಸಿದಂತೆ. ಲಂಚ ಕೇಳಿದಾಗ ಇಲ್ಲವೆನ್ನುವವನು ಒಂದು ಟೆಂಡರನ್ನು ಕಳೆದುಕೊಳ್ಳಬಹುದು. ಆ ನಷ್ಟವು ಸಣ್ಣದಲ್ಲವೆಂದು ನಾವು ಬಲ್ಲೆವು. ಆದರೆ ಭಾನುವಾರ ಬಲಿಪೂಜೆಗೆ ನಿಲ್ಲುವ ಮನಸ್ಸಾಕ್ಷಿಯನ್ನು ಸೋಮವಾರ ಕಚೇರಿಯ ಬಾಗಿಲಲ್ಲಿ ಬಿಟ್ಟು ಒಳಹೋಗಲು ಬರುವುದಿಲ್ಲ.

ನಮ್ಮ ಪಾಲನಾ ಮಂಡಳಿಗಳಿಗೆ ಒಂದು ಬಿನ್ನಹ. ಹಬ್ಬದ ಪೆಂಡಾಲಿಗೂ ದೀಪಾಲಂಕಾರಕ್ಕೂ ಸಮಿತಿ ರಚಿಸುವ ನಾವು, ತಿಂಗಳಲ್ಲೊಂದು ಭಾನುವಾರ ಪೂಜೆಯ ಬಳಿಕ ಒಂದು ಗಂಟೆ ಮೀಸಲಿಡಬಾರದೇಕೆ? ಕಂಪ್ಯೂಟರ್ ಬಲ್ಲ ಯುವಜನರೂ ನಿವೃತ್ತ ಸರಕಾರಿ ನೌಕರರೂ ಲೆಕ್ಕಪರಿಶೋಧಕರೂ ಜೊತೆ ಕೂತರೆ, ಹೊಲಿಗೆ ಕಲಿತ ತಾಯಂದಿರ ಸ್ವಸಹಾಯ ಸಂಘಕ್ಕೊಂದು ನೋಂದಣಿಯಾದೀತು, ಬಡಗಿಗೊಂದು ಅರ್ಜಿ ತುಂಬಿಸಿ ಕೊಟ್ಟಂತಾದೀತು. ನೆರೆಹೊರೆಯ ಅನ್ಯಧರ್ಮೀಯ ಕಸುಬುದಾರರಿಗೂ ಆ ಮೇಜು ತೆರೆದಿರಲಿ. ಸಂತ ಜೋಸೆಫರ ಹಬ್ಬವನ್ನು ಹೀಗೆ ಆಚರಿಸಿದರೆ ಅದರ ಫಲವು ವರ್ಷವಿಡೀ ಮನೆಮನೆಗೆ ದೊರಕೀತು.