ಜತ್ತದ ಸೆಗಣಿ, ಜತ್ತದ ನೀರು

ಸೆಗಣಿಯ ಅನಿಲದಲ್ಲಿ ಅಡುಗೆ ಮಾಡುವುದು ನಮ್ಮ ಅಡಿಕೆ ತೋಟದ ಮನೆಗಳಿಗೆ ಹೊಸತಲ್ಲ. ಅದೇ ಅನಿಲದಿಂದ ಡೀಸೆಲ್ ಪಂಪನ್ನೂ ಓಡಿಸಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿಗೆ ಇದು ಪ್ರಯೋಜನಕ್ಕೆ ಬಂದೀತೇ ಎಂದು ವಿಚಾರ ಮಾಡಬೇಕಾಗಿದೆ.

25 ಕಿಲೋ ಸೆಗಣಿಗೆ ಸುಮಾರು 1 ಘನಮೀಟರ್ ಅನಿಲ. 5 ಅಶ್ವಶಕ್ತಿಯ ಇಂಜಿನು ಒಂದು ತಾಸು ಓಡಲು ಎರಡೂವರೆ ಘನಮೀಟರಿನಷ್ಟು ಬೇಕು. ಅಂದರೆ ಹಟ್ಟಿಯಲ್ಲಿ ಆರೇಳು ಜಾನುವಾರು. ಬಯಲಲ್ಲಿ ಮೇಯುವ ದನವಾದರೆ ಇನ್ನೂ ಹೆಚ್ಚು. ಡೀಸೆಲನ್ನು ಪೂರ್ತಿ ಬಿಡುವಂತಿಲ್ಲ, ಹೊತ್ತಿಕೊಳ್ಳಲು ಐದರಲ್ಲೊಂದು ಪಾಲಾದರೂ ಬೇಕು. ಅನಿಲವನ್ನು ಕಬ್ಬಿಣದ ಚೂರುಗಳ ಮೂಲಕ ಹಾಯಿಸಿ ಗಂಧಕದ ಅಂಶ ತೆಗೆಯದಿದ್ದರೆ ಇಂಜಿನು ಸವೆದುಹೋಗುತ್ತದೆ. ಮಾಡಗ್ಯಾಳದ ಕುರಿಗಳು ಪ್ರಸಿದ್ಧವೇನೋ ಹೌದು. ಆದರೆ ಊರೂರು ಅಲೆಯುವ ಮಂದೆಯ ಹಿಕ್ಕೆ ಹೊಲಕ್ಕೇ ಸಲ್ಲುತ್ತದೆ.

ಇಷ್ಟೆಲ್ಲ ಸರಿ. ಸೆಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಬೇಕಲ್ಲ! ಬಾವಿಯಲ್ಲಿ ನೀರಿದ್ದರೆ ನಾಲ್ಕೈದು ಕೊಡ ದೊಡ್ಡ ಮಾತಲ್ಲ. ಜತ್ತದಲ್ಲಿ ಬೇಸಗೆಗೆ ಬಾವಿ ಬತ್ತುತ್ತದೆ, ಬರ ಬಂದರೆ ದನಗಳು ಮೇವಿನ ಛಾವಣಿಗೆ ಹೋಗುತ್ತವೆ. ಆಗ ಸೆಗಣಿಯೂ ಇಲ್ಲ, ಎತ್ತಲು ನೀರೂ ಇಲ್ಲ. ನೀರಿಗಾಗಿಯೇ ಅಲ್ಲಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಹಿಂದೆ ನಿರ್ಣಯ ಮಾಡಿದ್ದ ಸಂಗತಿ 2022ರ ನವೆಂಬರಿನಲ್ಲಿ ದೇಶಕ್ಕೆಲ್ಲ ಕೇಳಿಸಿತು. ಮ್ಹೈಸಾಳ ಏತ ನೀರಾವರಿಯ ಕೃಷ್ಣೆಯ ನೀರು ಕೊನೆಯ ಹಳ್ಳಿಗೂ ಮುಟ್ಟಬೇಕು. ಅದಕ್ಕೆ ಮೊದಲು ಮನೆಮನೆಗೆ ಇಂಜಿನು ಹಂಚುವುದು ಸಹಾಯಧನದ ಲೆಕ್ಕ ತೋರಿಸುವುದಕ್ಕಷ್ಟೇ ಸಾಕು.

ಇಡೀ ಊರಿಗೆ ಒಂದೇ ಇಂಜಿನಾದರೆ ಮಾತು ಬೇರೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗ ಇದನ್ನು ಮಾಡಿ ತೋರಿಸಿತು. ಮೊದಲು ಎಲ್ಲರಿಗೂ ಅಡುಗೆ ಅನಿಲ ಕೊಡಲು ಹೊರಟರು. ಊರಿನ ಸೆಗಣಿ ಅದಕ್ಕೆ ಸಾಲಲಿಲ್ಲ. 1987ರಲ್ಲಿ ಅದೇ ಅನಿಲವನ್ನು ಇಂಜಿನಿಗೆ ತಿರುಗಿಸಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸೆಗಣಿ ತಂದವರಿಗೆ ಹಣವೂ ಸಿಕ್ಕಿತು, ರಾಡಿಯೂ ಗೊಬ್ಬರವಾಗಿ ಮರಳಿತು. ಹಲವು ವರ್ಷ ಹೀಗೆ ನಡೆಯಿತು. ಜತ್ತದಲ್ಲಿಯೂ ಇಂಥದೊಂದನ್ನು ಕುಡಿಯುವ ನೀರಿಗೆಂದೇ, ಬತ್ತದ ಕೊಳವೆಬಾವಿ ಇರುವ ಊರಿನಲ್ಲಿ ಪ್ರಯತ್ನಿಸಬಹುದೆಂದು ನಮ್ಮ ಅಭಿಪ್ರಾಯ.

ಹಾಗೆ ಮಾಡುವುದಾದರೆ ಅರ್ಜಿಯೂ ತಿಳಿವಳಿಕೆ ಪತ್ರವೂ ಕನ್ನಡದಲ್ಲಿರಲಿ. ಗೊತ್ತಿಲ್ಲದ ಲಿಪಿಯ ಸುತ್ತೋಲೆ ಹಿಡಿದು ಪಕ್ಕದ ಮನೆಗೆ ಓಡುವ ಪಾಡು ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.