ರೆಕ್‌ಎ ತೆಗೆದರಷ್ಟೇ ಸಾಲದು

ಮರುಸಂಯೋಜನೆಗೆ ಬೇಕಾದ ರೆಕ್‌ಎ ಜೀನ್ ಇಲ್ಲದ ಇ. ಕೋಲಿಯಲ್ಲಿ ಪುನರಾವರ್ತಿತ ಡಿಎನ್‌ಎ ಭದ್ರವಾಗಿರುತ್ತದೆ ಎಂಬ ವಾದ ಅರ್ಧಸತ್ಯ. ದೂರದೂರ ಇರುವ ಉದ್ದನೆಯ ಪುನರಾವರ್ತನೆಗಳ ಮರುಸಂಯೋಜನೆ ಅದರಿಂದ ತಗ್ಗುತ್ತದೆ, ನಿಜ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಂಟಿಂಗ್ಟನ್ ಕಾಯಿಲೆ ಪತ್ತೆಗೆ ಎಣಿಸುವ ಸಿಎಜಿಯಂಥ ಕಿರುಸರಣಿಗಳು ರೆಕ್‌ಎ ಇಲ್ಲದೆಯೂ ಕುಗ್ಗಬಲ್ಲವು. ನಕಲಾಗುವಾಗ ಎಳೆ ಜಾರುತ್ತದೆ, ಮಡಚಿಕೊಂಡ ಭಾಗ ಬಿಟ್ಟುಹೋಗುತ್ತದೆ. ಜಾರುವಿಕೆಯನ್ನು ವಿಜ್ಞಾನಿ ಸ್ಟ್ರೈಸಿಂಗರ್ 1966ರಲ್ಲೇ ಸೂಚಿಸಿದ್ದರು. ನಕಲಿನ ದಿಕ್ಕೇ ಸಿಟಿಜಿ (ಸಿಎಜಿಯ ಪೂರಕ ಎಳೆ) ಸರಣಿಯ ಹಿಗ್ಗು-ಕುಗ್ಗನ್ನು ನಿರ್ಧರಿಸುತ್ತದೆಂದು ವೆಲ್ಸ್ ತಂಡ 1995ರಲ್ಲಿ ಇ. ಕೋಲಿಯಲ್ಲೇ ತೋರಿಸಿತು.

‘ಸರಣಿ ಹೊತ್ತ ಪ್ಲಾಸ್ಮಿಡ್ ಸೊಗಸಾಗಿ ಬೆಳೆಯಿತಲ್ಲ’ ಎನ್ನಬಹುದು. ಬೆಳೆದದ್ದು ಕುಗ್ಗಿದ ಪ್ರತಿಯೇ ಆಗಿರಬಹುದು. ಇಳುವರಿ ಉದ್ದಕ್ಕೆ ಸಾಕ್ಷಿಯಲ್ಲ. ಆದ್ದರಿಂದ ಮಲ್ಲೇಶ್ವರದ ಮಗ್ಗುಲ ವಿಜ್ಞಾನ ಸಂಸ್ಥೆಯಿರಲಿ, ಕಾಲೇಜಿನ ಪ್ರಯೋಗಾಲಯವಿರಲಿ, ತಳಿಯ ಹೆಸರು ನಂಬಿ ಕೂರಬಾರದು: ಪ್ರತಿ ಸಲ ಬೆಳೆಸಿದ ಮೇಲೂ ಸರಣಿಯ ಉದ್ದ ಅಳೆಯಲೇಬೇಕು.