ಮನೆಯಲ್ಲೇ ಕಂಪ್ಯೂಟರ್ ಜೋಡಿಸುವುದು: ಯಾವ ಭಯ ನಿಜ, ಯಾವುದು ಬರೀ ಭಯ?

ಪಿಯುಸಿ, ಸಿಇಟಿ ಎಲ್ಲ ಮುಗಿದು ಇಂಜಿನಿಯರಿಂಗ್ ಸೀಟು ಸಿಕ್ಕಿತು ಎಂದರೆ ಮನೆಯಲ್ಲಿ ಮುಂದಿನ ಚರ್ಚೆ ಕಂಪ್ಯೂಟರ್‌ನದು. ಮೈಸೂರಿನ ಗೋಕುಲಂನಂಥ ಬಡಾವಣೆಯಲ್ಲಿ ಇದು ಹೊಸದೇನಲ್ಲ. ಮೂರನೇ ಹಂತದಲ್ಲಿ ವಿದ್ಯಾವರ್ಧಕ ಇಂಜಿನಿಯರಿಂಗ್ ಕಾಲೇಜಿದೆ. ಸುತ್ತಮುತ್ತ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳು, ಯೋಗ ಕಲಿಯಲು ಬಂದವರು ಉಳಿಯುವ ಮಹಡಿಗಳು, ಮನೆಯಿಂದಲೇ ಕೆಲಸ ಮಾಡುವವರ ಮೇಜುಗಳು. "ಅಂಗಡಿಯದ್ದು ಬೇಡಪ್ಪ, ಪಾರ್ಟ್ಸ್ ತಂದು ನಾನೇ ಜೋಡಿಸ್ತೀನಿ, ಅರ್ಧ ದುಡ್ಡು ಉಳಿಯುತ್ತೆ" ಎನ್ನುತ್ತಾನೆ ಮಗ. "ಕೈಯಿಟ್ಟು ಸುಟ್ಟು ಹಾಕಿದರೆ? ಶಾಕ್ ಹೊಡೆದರೆ?" ಎನ್ನುತ್ತಾರೆ ಅಪ್ಪ.

ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ಅರ್ಧ ದುಡ್ಡು ಉಳಿಯುವುದಿಲ್ಲ. ಹಾಗೆಯೇ, ಮುಟ್ಟಿದ ಕೂಡಲೇ ಸುಟ್ಟು ಹೋಗುವಷ್ಟು ನಾಜೂಕಾದ ವಸ್ತುಗಳೂ ಅವಲ್ಲ. ನಿಜವಾದ ಅಪಾಯ ಇವರಿಬ್ಬರೂ ನೋಡದ ಜಾಗದಲ್ಲಿದೆ: ಗೋಡೆಯ ಪ್ಲಗ್ಗಿನಲ್ಲಿ.

ಜೋಡಿಸುವುದು ಬೇರೆ, ತಯಾರಿಸುವುದು ಬೇರೆ

ನಮ್ಮಲ್ಲಿ ಬಹಳ ಜನ ಮೇಜಿನ ಕೆಳಗಿರುವ ಇಡೀ ಡಬ್ಬವನ್ನೇ 'ಸಿಪಿಯು' ಎನ್ನುತ್ತಾರೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಆ ಡಬ್ಬದೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚೌಕ. ಉಳಿದದ್ದು ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಬೇಕಿದ್ದರೆ ಗ್ರಾಫಿಕ್ಸ್ ಕಾರ್ಡ್, ಇವನ್ನೆಲ್ಲ ಹಿಡಿದಿಡುವ ಕ್ಯಾಬಿನೆಟ್. ಒಂದೊಂದನ್ನೂ ಒಂದೊಂದು ಕಂಪನಿ ತಯಾರಿಸಿದ್ದರೂ ಒಂದಕ್ಕೊಂದು ಕೂಡುತ್ತವೆ. ಹೇಗೆ?

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಬೇಗ ಮುಗಿಸುವ ಆತುರದಲ್ಲಿ ಅದು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಹೆಚ್ಚಾಗಿ ಬಳಸಿತ್ತು, ಒಳಗಿನ ರಚನೆಯ ವಿವರಗಳನ್ನೂ ಪುಸ್ತಕವಾಗಿ ಪ್ರಕಟಿಸಿತ್ತು. ಮರುವರ್ಷವೇ ಬೇರೆ ಕಂಪನಿಗಳು ಅದಕ್ಕೆ ಹೊಂದುವ ಯಂತ್ರಗಳನ್ನು ತಂದವು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಮದರ್‌ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ, ವಿದ್ಯುತ್ ಕನೆಕ್ಟರ್ ಎಲ್ಲವನ್ನೂ ಗೊತ್ತುಮಾಡಿತು. ಇಂದು ಹೊಸಬರೊಬ್ಬರು ಬೆಸುಗೆ ಹಾಕದೆ, ಒಂದು ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ಮೂರು ನಾಲ್ಕು ಗಂಟೆಯಲ್ಲಿ ಕಂಪ್ಯೂಟರ್ ಜೋಡಿಸಬಹುದಾಗಿರುವುದು ಇದರಿಂದಲೇ. ಇಂಜಿನಿಯರಿಂಗ್ ಓದಿರಬೇಕೆಂದೇನೂ ಇಲ್ಲ, ತಾಳ್ಮೆ ಇದ್ದರೆ ಸಾಕು.

ಕೈಯಲ್ಲಿರುವ ಮಿಂಚು

ಮೊದಲು ಎಲ್ಲರೂ ಹೇಳುವ ಭಯವನ್ನು ನೋಡೋಣ. "ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಇರುತ್ತೆ, ಬೋರ್ಡ್ ಮುಟ್ಟಿದರೆ ಹೋಯ್ತು."

ಸ್ಥಾಯಿ ವಿದ್ಯುತ್ ಕಟ್ಟುಕಥೆಯಲ್ಲ. ನೈಲಾನ್ ಬಟ್ಟೆ ಅಥವಾ ಪ್ಲಾಸ್ಟಿಕ್ ಕುರ್ಚಿಗೆ ಮೈ ಉಜ್ಜಿದಾಗ ದೇಹದಲ್ಲಿ ವಿದ್ಯುದಂಶ ಸೇರುತ್ತದೆ. ಬಾಗಿಲ ಹಿಡಿ ಮುಟ್ಟಿದಾಗ 'ಚಟ್' ಎನ್ನುವುದು ಅದೇ. ಆ ಚುಚ್ಚು ನಮ್ಮ ಅನುಭವಕ್ಕೆ ಬರಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಶಕ್ತಿ ಬಹಳ ಕಡಿಮೆಯಾದ್ದರಿಂದ ನಮಗೇನೂ ಆಗುವುದಿಲ್ಲ. ಚಿಪ್ಪಿನೊಳಗಿನ ಸೂಕ್ಷ್ಮ ಪದರಗಳಿಗೆ ಮಾತ್ರ ಕೆಲವು ನೂರು ವೋಲ್ಟ್‌ಗಳೇ ಹೆಚ್ಚಾಗಬಹುದು. ಅಂದರೆ ನಮಗೆ ಗೊತ್ತೇ ಆಗದಂತೆ ಹಾನಿಯಾಗುವ ಸಾಧ್ಯತೆ ಇದೆ.

ಆದರೆ ಇಂದಿನ ಚಿಪ್‌ಗಳ ಒಳಗೇ ಇದಕ್ಕೆ ರಕ್ಷಣೆಯ ಏರ್ಪಾಡು ಇರುತ್ತದೆ. ಹವೆಯೂ ಮುಖ್ಯ. ಗಾಳಿಯಲ್ಲಿ ತೇವವಿದ್ದರೆ ವಿದ್ಯುದಂಶ ಮೈಮೇಲೆ ನಿಲ್ಲದೆ ಸೋರಿ ಹೋಗುತ್ತದೆ. ಮೈಸೂರಿನ ಮಳೆಗಾಲದಲ್ಲಿ ಈ ಚಿಂತೆ ಕಡಿಮೆ, ಫೆಬ್ರವರಿ–ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ಸ್ವಲ್ಪ ಹೆಚ್ಚು. ಕೆಲಸ ಶುರು ಮಾಡುವ ಮೊದಲು, ಮಧ್ಯೆ ಎದ್ದು ಹೋಗಿ ಬಂದಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಬಿಡಿಭಾಗಗಳನ್ನು ಅಂಚಿನಲ್ಲಿ ಹಿಡಿಯಿರಿ. ಅವುಗಳನ್ನು ಬಳಸುವ ಕ್ಷಣದವರೆಗೂ ಕಂಪನಿ ಕೊಟ್ಟ ಹೊಳೆಯುವ ಚೀಲದಲ್ಲೇ ಇಡಿ. ನಮ್ಮ ಮೈಗೂ ಭಾಗಕ್ಕೂ ಕ್ಯಾಬಿನೆಟ್‌ಗೂ ವೋಲ್ಟೇಜ್ ವ್ಯತ್ಯಾಸ ಇಲ್ಲದಂತೆ ಮಾಡುವುದಷ್ಟೇ ಇದರ ಉದ್ದೇಶ. ಚಾಪೆ, ಬೆಡ್‌ಶೀಟ್ ಮೇಲೆ ಕೂತು ಜೋಡಿಸುವ ಬದಲು ಮರದ ಮೇಜಿನ ಮೇಲೆ, ಮದರ್‌ಬೋರ್ಡ್ ಬಂದ ರಟ್ಟಿನ ಡಬ್ಬವನ್ನೇ ಹಾಸಿಕೊಂಡು ಜೋಡಿಸಿ. ಇಷ್ಟು ಸಾಕು.

'ಜುಂ' ಎನ್ನುವ ಕ್ಯಾಬಿನೆಟ್

ಈಗ ನಿಜವಾದ ವಿಷಯ. ಚಾಲೂ ಇರುವ ಕಂಪ್ಯೂಟರ್‌ನ ಹಿಂಭಾಗಕ್ಕೆ ಕೈ ತಾಗಿದಾಗ ಸಣ್ಣಗೆ 'ಜುಂ' ಎಂದ ಅನುಭವ ನಮ್ಮಲ್ಲಿ ಎಷ್ಟೋ ಜನರಿಗಿದೆ. "ಅಸೆಂಬಲ್ಡ್ ಅಲ್ವಾ, ಹಂಗೇ ಇರುತ್ತೆ" ಎಂದು ಸುಮ್ಮನಾಗುತ್ತಾರೆ. ಬರಿಗಾಲಲ್ಲಿ ಇದ್ದದ್ದಕ್ಕೆ ಎಂದು ಚಪ್ಪಲಿ ಹಾಕಿಕೊಳ್ಳುವವರೂ ಉಂಟು.

ಜೋಡಿಸಿದ್ದರಲ್ಲಿ ತಪ್ಪು ನಡೆದಿದೆ ಎಂದೇನೂ ಅಲ್ಲ. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ ಗದ್ದಲವನ್ನು ಸೋಸುವ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಆ ಗದ್ದಲ ಅರ್ತ್ ತಂತಿಯ ಮೂಲಕ ಭೂಮಿಗೆ ಹರಿಯಬೇಕು. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಇವೆರಡರ ನಡುವೆ ತೇಲುತ್ತದೆ. 230 ವೋಲ್ಟ್‌ನ ಅರ್ಧ, ಅಂದರೆ ಸುಮಾರು 115 ವೋಲ್ಟ್ ಅದರ ಮೈಮೇಲೆ ಇರುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುವುದೂ ಹೀಗೆಯೇ. ಹರಿಯುವ ಕರೆಂಟ್ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಇರುವುದರಿಂದ ಬರೀ 'ಜುಂ' ಎನ್ನುತ್ತದೆ.

ಆ 'ಜುಂ' ಕೊಲ್ಲುವುದಿಲ್ಲ. ಆದರೆ ಅದು "ಈ ಪ್ಲಗ್‌ಗೆ ಅರ್ತ್ ಇಲ್ಲ" ಎಂದು ಹೇಳುತ್ತಿದೆ. ಮುಂದೊಂದು ದಿನ ಒಳಗಿನ ತಂತಿ ಸವೆದು ಫೇಸ್ ನೇರವಾಗಿ ಕ್ಯಾಬಿನೆಟ್‌ಗೆ ತಾಗಿದರೆ, ಅರ್ತ್ ಇರುವ ಮನೆಯಲ್ಲಿ ಫ್ಯೂಸ್ ಹೋಗುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಅರ್ತ್ ಇಲ್ಲದ ಮನೆಯಲ್ಲಿ ಯಾವುದೂ ಬೀಳುವುದಿಲ್ಲ. ಮುಟ್ಟಿದವರೇ ಅರ್ತ್ ಆಗುತ್ತಾರೆ.

ನಮ್ಮ ಮೂರು ಪಿನ್ನಿನ ಪ್ಲಗ್ ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಪ್ಲಗ್ ಹಾಕುವಾಗ ಅರ್ತ್ ಮೊದಲು ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಅದು ಪ್ಲಗ್ ಗಟ್ಟಿಯಾಗಿ ನಿಲ್ಲಲಿ ಎಂದು ಇಟ್ಟ ಆಸರೆಯಲ್ಲ. ಹಳೆಯ ಬಾಡಿಗೆ ಕೋಣೆಗಳಲ್ಲಿ ಎರಡು ಪಿನ್ನಿನ ಕನ್ವರ್ಟರ್, ಅದಕ್ಕೊಂದು ಎಕ್ಸ್‌ಟೆನ್ಶನ್ ಬಾಕ್ಸ್, ಅದರಲ್ಲಿ ಕಂಪ್ಯೂಟರ್, ಮಾನಿಟರ್, ಇಸ್ತ್ರಿಪೆಟ್ಟಿಗೆ ಎಲ್ಲ ಹಾಕಿರುತ್ತಾರೆ. ಐವತ್ತು ಸಾವಿರದ ಯಂತ್ರಕ್ಕೆ ಐವತ್ತು ರೂಪಾಯಿಯ ಕನ್ವರ್ಟರ್!

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅರ್ತ್ ಇಲ್ಲದ ಸಾಕೆಟ್‌ನಲ್ಲಿ ನ್ಯೂಟ್ರಲ್ ತಂತಿಯನ್ನೇ ಅರ್ತ್ ಪಿನ್ನಿಗೂ ಸೇರಿಸಿ "ಸರಿಯಾಯ್ತು" ಎನ್ನುವ ಅಭ್ಯಾಸ. 'ಜುಂ' ಎನ್ನುವುದೇನೋ ನಿಲ್ಲುತ್ತದೆ. ಎಲ್ಲೋ ಆ ನ್ಯೂಟ್ರಲ್ ತುಂಡಾದರೆ ಮಾತ್ರ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ ಮೇಲೆ ಬರುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ತ್ ಅಳೆಸಿ, ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಲು ಸಂಕೋಚ ಬೇಡ, ಬಣ್ಣ ಹೊಡೆಸಿ ಎಂದು ಕೇಳುವುದಕ್ಕಿಂತ ಇದು ಮುಖ್ಯ. ಅಂದಹಾಗೆ, ಹಿಂದಿನವರು ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಸುರಿಯುತ್ತಿದ್ದುದು ಮೂಢನಂಬಿಕೆಯಲ್ಲ. ಒಣಮಣ್ಣಿಗಿಂತ ಒದ್ದೆಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ಇದ್ದಿಲು, ಉಪ್ಪು ಹಾಕುವುದೂ ಅದಕ್ಕೇ.

ಎಸ್‌ಎಂಪಿಎಸ್ ಎಂಬ ಮಲಮಗು

ಹೊಸಬರು ದುಡ್ಡು ಉಳಿಸಲು ಮೊದಲು ಕತ್ತರಿ ಹಾಕುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ ಜೊತೆ ಬರುವ ಹಗುರವಾದ, ಹೆಸರಿಲ್ಲದ ಡಬ್ಬಕ್ಕೇ ತೃಪ್ತಿಪಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಯಂತ್ರದಲ್ಲಿ ಜಿಪುಣತನ ಮಾಡಲೇಬಾರದ ಭಾಗ ಇದೊಂದೇ. ಇದು ಕೆಟ್ಟರೆ ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ.

"ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಹೆಚ್ಚು" ಎಂಬ ಮಾತೂ ಕೇಳಿಬರುತ್ತದೆ. 550 ವ್ಯಾಟ್ ಎಂದರೆ ಅದು ಕೊಡಬಲ್ಲ ಗರಿಷ್ಠ ಶಕ್ತಿ, ಸದಾ ಎಳೆಯುವ ಶಕ್ತಿಯಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಯಂತ್ರವೊಂದು ಗೋಡೆಯಿಂದ 100 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ 18 ಯೂನಿಟ್. ಒಳಗೆ 450 ವ್ಯಾಟ್‌ನದ್ದಿರಲಿ, 550ರದ್ದಿರಲಿ, ಲೆಕ್ಕ ಹೆಚ್ಚುಕಡಿಮೆ ಅಷ್ಟೇ. '80 ಪ್ಲಸ್' ಗುರುತಿದ್ದರೆ ಪರೀಕ್ಷೆಯಲ್ಲಿ ಕನಿಷ್ಠ 80 ಶೇಕಡಾ ದಕ್ಷತೆ ತೋರಿಸಿದೆ ಎಂದರ್ಥ.

ಇದನ್ನು ಬಿಚ್ಚಲು ಮಾತ್ರ ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗಿಂತ ಹೆಚ್ಚು ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಆ ವೋಲ್ಟೇಜ್ ಉಳಿಯುತ್ತದೆ. ಡೆಸ್ಕ್‌ಟಾಪ್ ಜೋಡಿಸುವ ಕೆಲಸದಲ್ಲಿ ಪ್ರಾಣಕ್ಕೆ ಅಪಾಯವಿರುವುದು ಅರ್ತ್ ಇಲ್ಲದ ಪ್ಲಗ್‌ನಲ್ಲಿ, ಬಿಚ್ಚಿದ ಎಸ್‌ಎಂಪಿಎಸ್‌ನಲ್ಲಿ. ಉಳಿದ ಭಾಗಗಳಿಗೆ ಹೋಗುವುದು 12 ವೋಲ್ಟ್, ಇಲ್ಲವೇ ಅದಕ್ಕಿಂತ ಕಡಿಮೆ.

ದುಡ್ಡಿನ ಲೆಕ್ಕ

ಬರೀ ಪಾಠ, ಕೋಡಿಂಗ್, ಆಫೀಸ್ ಕೆಲಸಕ್ಕಾದರೆ ಕಂಪನಿಯ ಸಿದ್ಧ ಯಂತ್ರವೇ ಅಗ್ಗವಾಗಬಹುದು, ಅದರಲ್ಲಿ ವಿಂಡೋಸ್ ಪರವಾನಗಿಯೂ ಸೇರಿರುತ್ತದೆ. ನಾವೇ ಜೋಡಿಸಿದ್ದಕ್ಕೆ ಅದನ್ನು ಬೇರೆ ಕೊಳ್ಳಬೇಕು, ಇಲ್ಲವೇ ಉಚಿತ ಲಿನಕ್ಸ್ ಹಾಕಿಕೊಳ್ಳಬೇಕು. ವಿಡಿಯೋ ಎಡಿಟಿಂಗ್, ಆಟ, ಗ್ರಾಫಿಕ್ಸ್ ಬೇಕಾದವರಿಗೆ ಜೋಡಿಸುವುದರಲ್ಲಿ ಲಾಭವಿದೆ. ಇನ್ನೊಂದು ಲಾಭ ಮೂರು ವರ್ಷದ ನಂತರ ಕಾಣುತ್ತದೆ: ಇಡೀ ಯಂತ್ರ ಎಸೆಯದೆ ಒಂದು ಭಾಗ ಬದಲಿಸಿದರೆ ಸಾಕು.

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ತಂದರೆ ಅಗ್ಗ ಎನ್ನುವವರು ಬಸ್ ಚಾರ್ಜನ್ನೂ, ಕೆಟ್ಟರೆ ಮತ್ತೆ ಹೋಗಬೇಕಾದ 140 ಕಿಲೋಮೀಟರನ್ನೂ ಸೇರಿಸಿ ಲೆಕ್ಕ ಹಾಕಬೇಕು. ಜೋಡಿಸಿದ ಯಂತ್ರಕ್ಕೆ ಒಟ್ಟಾಗಿ ವಾರಂಟಿ ಇರುವುದಿಲ್ಲ, ಒಂದೊಂದು ಭಾಗಕ್ಕೂ ಅದರದೇ ಕಂಪನಿಯ ವಾರಂಟಿ. ಕೊಳ್ಳುವ ಮೊದಲೇ ಆ ಕಂಪನಿಯ ಸೇವಾ ಕೇಂದ್ರ ಮೈಸೂರಿನಲ್ಲಿದೆಯೇ ಎಂದು ಕೇಳಿ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಎಂದರೆ ಉಳಿಯುವುದು 18 ಶೇಕಡಾ ಜಿಎಸ್‌ಟಿ, ಹೋಗುವುದು ವಾರಂಟಿ. ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಒಂದು ವಿಷಯ ಗಮನಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ 6ನೇ ಪೀಳಿಗೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ.

ಪರದೆ ಕಪ್ಪಾಗಿಯೇ ಇದ್ದರೆ

ಭಾಗಗಳನ್ನು ಆರಿಸುವಾಗ ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಸಾಕೆಟ್ ಒಂದೇ ಇರಬೇಕು. ರ‍್ಯಾಮ್ ಡಿಡಿಆರ್4 ಆದರೆ ಡಿಡಿಆರ್5 ಬೋರ್ಡಿಗೆ ಕೂರುವುದಿಲ್ಲ, ಗಾಡಿಯ ಜಾಗವೇ ಬೇರೆ. ಕೂರದಿದ್ದರೆ ಒತ್ತಬೇಡಿ ಎಂಬುದು ಬಹುತೇಕ ಎಲ್ಲ ಭಾಗಕ್ಕೂ ಸರಿ, ರ‍್ಯಾಮ್ ಒಂದನ್ನು ಬಿಟ್ಟು. ಸರಿಯಾದ ರ‍್ಯಾಮ್ ಕೂಡ 'ಟಕ್' ಎನ್ನುವವರೆಗೆ ಗಟ್ಟಿಯಾಗಿ ಒತ್ತಿದರೇ ಕೂರುವುದು. ಪ್ರೊಸೆಸರ್ ಮಾತ್ರ ಒತ್ತಡವಿಲ್ಲದೆ ತಾನಾಗಿ ಕೂರಬೇಕು. ಸಾಕೆಟ್‌ನ ಒಂದು ಸಣ್ಣ ಪಿನ್ ಬಾಗಿದರೂ ಬೋರ್ಡ್ ಹೋದಂತೆಯೇ. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಲೋಹದ ಎರಡು ಮುಖಗಳ ನಡುವಿನ ಗಾಳಿಯನ್ನು ಹೊರಹಾಕುವುದಷ್ಟೇ ಅದರ ಕೆಲಸ, ದೋಸೆಗೆ ಬೆಣ್ಣೆ ಸವರಿದಂತೆ ಸವರುವುದಲ್ಲ.

ಎಲ್ಲ ಮುಗಿಸಿ ಗುಂಡಿ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಇಲ್ಲೇ ಬಹಳ ಜನ "ಸುಟ್ಟೇ ಹೋಯ್ತು" ಎಂದು ಗಾಬರಿಯಾಗುವುದು. ಹೆಚ್ಚಿನ ಸಲ ಸುಟ್ಟಿರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೂ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿರಬಹುದು. ಪ್ರೊಸೆಸರ್ ಪಕ್ಕದ 8 ಪಿನ್ನಿನ ವಿದ್ಯುತ್ ಕೇಬಲ್ ಮರೆತಿರಬಹುದು. ಇಂಟೆಲ್‌ನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿರುವ ಪ್ರೊಸೆಸರ್ ತಂದಿದ್ದರೆ ಅದಕ್ಕೆ ಸ್ವಂತ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ. ಡಿಡಿಆರ್5 ಆದರೆ ಮೊದಲ ಸಲ ರ‍್ಯಾಮ್ ಅನ್ನು ತಾನೇ ಹೊಂದಿಸಿಕೊಳ್ಳಲು ಯಂತ್ರ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆಗ ಆಫ್ ಮಾಡದೆ ಒಂದು ಲೋಟ ಕಾಫಿ ಕುಡಿದು ಬನ್ನಿ.

ಮನೆಯಲ್ಲಿ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಅದೂ ಜೋಡಣೆಯ ತಪ್ಪಲ್ಲದಿರಬಹುದು. ಕರೆಂಟ್ ಹೋದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16–17 ಮಿಲಿಸೆಕೆಂಡ್ ತಾಳಿಕೊಳ್ಳುತ್ತದೆ. ಬಹಳಷ್ಟು ಇನ್ವರ್ಟರ್‌ಗಳಲ್ಲಿ 'ಯುಪಿಎಸ್' ಮತ್ತು 'ಇಕೋ' ಎಂಬ ಸಣ್ಣ ಸ್ವಿಚ್ ಇರುತ್ತದೆ. 'ಇಕೋ'ದಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. 'ಯುಪಿಎಸ್' ಕಡೆಗೆ ತಿರುಗಿಸಿ ನೋಡಿ.

ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚುವವರು ಕ್ಯಾಬಿನೆಟ್‌ನ ಬದಿಗೆ ಹಚ್ಚಿ, ಫ್ಯಾನ್ ಗಾಳಿ ಎಳೆದುಕೊಳ್ಳುವ ಮುಂಭಾಗದ ಜಾಲರಿಗೆ ಬೇಡ.